ಪಾರ್ಟಿಷನ್ ಒಂದಕ್ಕೆ ಇಳಿಸದೆ ಡೆಡ್‌ಲಾಕ್ ಬಿಡಿಸಿದ್ದು: ನನ್ನ ಅನುಭವ

ಸ್ಪಾರ್ಕ್‌ನಿಂದ (ಡೇಟಾವನ್ನು ತುಂಡು ಮಾಡಿ ಏಕಕಾಲಕ್ಕೆ ಸಂಸ್ಕರಿಸುವ ಸಾಫ್ಟ್‌ವೇರ್) ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಅಪ್‌ಸರ್ಟ್ (ಸಾಲು ಇದ್ದರೆ ತಿದ್ದು, ಇಲ್ಲದಿದ್ದರೆ ಸೇರಿಸು) ಮಾಡುವಾಗ 40ಪಿ01 ಎರರ್, ಅಂದರೆ ಡೆಡ್‌ಲಾಕ್ (ಒಂದರ ಲಾಕ್‌ಗೆ ಇನ್ನೊಂದು ಕಾಯುತ್ತಾ ಎರಡೂ ಸಿಕ್ಕಿಬೀಳುವುದು), ಬಂದರೆ ಸಿಗುವ ಸಲಹೆ ಒಂದೇ: ಪಾರ್ಟಿಷನ್ (ಡೇಟಾದ ತುಂಡು) 1 ಮಾಡಿಬಿಡಿ. ಅದನ್ನೂ ಮಾಡಿದೆ. ಡೆಡ್‌ಲಾಕ್ ಹೋಯಿತು, ಆದರೆ 40 ನಿಮಿಷದ ಜಾಬ್ ಐದು ಗಂಟೆ ಎಳೆಯಿತು. ಒಂದು ಕೋರ್ ಬರೆಯುತ್ತದೆ, 23 ಕೋರ್ ಕೂತಲ್ಲೇ ಬಾಡಿಗೆ ತಿನ್ನುತ್ತವೆ. ಈಗ ಅದೇ ಜಾಬ್ 24 ಪಾರ್ಟಿಷನ್‌ನಲ್ಲೇ ಓಡುತ್ತಿದೆ. ಆಗಲ್ಲ ಅಂದವರಿಗೆ ಲಾಗ್ ತೋರಿಸಿದ್ದೂ ಆಯಿತು.

ಇನ್‌ಪುಟ್ ದಿನಾಂಕದ ಪ್ರಕಾರ ಹಂಚಿತ್ತು, ಹಾಗಾಗಿ ಒಂದೇ ಐಟಂ ಹತ್ತು ಪಾರ್ಟಿಷನ್‌ಗಳಲ್ಲಿ. ಒಂದು ಟಾಸ್ಕ್ (ಒಂದು ಪಾರ್ಟಿಷನ್‌ನ ಕೆಲಸ) ಐಟಂ 4711ರ ಲಾಕ್ ಹಿಡಿದು 9023ರದ್ದು ಕೇಳುತ್ತದೆ, ಇನ್ನೊಂದು 9023 ಹಿಡಿದು 4711 ಕೇಳುತ್ತದೆ. ಪೋಸ್ಟ್‌ಗ್ರೆಸ್ 1 ಸೆಕೆಂಡ್ ನೋಡಿ ಒಂದನ್ನು ಕೊಲ್ಲುತ್ತದೆ. ಅದೇ ಟಾಸ್ಕ್ ನಾಲ್ಕು ಸಲ ಸತ್ತರೆ ಜಾಬೇ ಹೋಯಿತು. ದುಡ್ಡು ಸೋರಿದ್ದು ಇಲ್ಲೇ. ಡೆಡ್‌ಲಾಕ್ ಟೈಮ್‌ಔಟ್ ಏರಿಸಿದರೆ ಸಾಯುವುದು ತಡವಾಗುತ್ತದೆ, ಅಷ್ಟೆ. ಒಂದು ಸಲಕ್ಕೆ ಕಳಿಸುವ ಬ್ಯಾಚ್ 1000 ಸಾಲಿನಿಂದ 100ಕ್ಕೆ ಇಳಿಸಿದಾಗ ಡೆಡ್‌ಲಾಕ್ ಕಡಿಮೆಯಾಯಿತು, ನಿಲ್ಲಲಿಲ್ಲ.

ನಿಂತದ್ದು ಹೀಗೆ. ಮೊದಲು ಪ್ರತಿ ಕೀಗೆ (ಸಾಲನ್ನು ಗುರುತಿಸುವ ಮೌಲ್ಯ, ಇಲ್ಲಿ ಐಟಂ) ಇತ್ತೀಚಿನ ಒಂದೇ ಸಾಲು ಉಳಿಸಿಕೊಂಡೆ. ಇದನ್ನು ಬಿಟ್ಟು ರೀರೈಟ್‌ ಬ್ಯಾಚ್ (ಹಲವು ಇನ್ಸರ್ಟ್‌ಗಳನ್ನು ಒಂದಾಗಿಸುವ ಡ್ರೈವರ್ ಸೆಟ್ಟಿಂಗ್) ಆನ್ ಮಾಡಿದರೆ, ಒಂದೇ ಸಾಲನ್ನು ಎರಡನೇ ಸಲ ಮುಟ್ಟುವಂತಿಲ್ಲ ಎಂದು ಪೋಸ್ಟ್‌ಗ್ರೆಸ್ ಮುಖಕ್ಕೆ ಎಸೆಯುತ್ತದೆ. ಆಮೇಲೆ ಕೀ ಮೇಲೆ ರೀಪಾರ್ಟಿಷನ್, 24 ಅಂತ ಸಂಖ್ಯೆ ಕೊಟ್ಟೇ. ಕೊಡದಿದ್ದರೆ ಸ್ಪಾರ್ಕ್‌ನ ಅಡಾಪ್ಟಿವ್ ಎಕ್ಸಿಕ್ಯೂಷನ್ ಪಾರ್ಟಿಷನ್ ಸಂಖ್ಯೆಯನ್ನು ತನಗೆ ತೋಚಿದಷ್ಟಕ್ಕೆ ಕುಗ್ಗಿಸುತ್ತದೆ. ಒಂದು ಕೀ ಒಂದೇ ಟಾಸ್ಕ್‌ನಲ್ಲಿ ಇರುವುದರಿಂದ ಜಾಬ್‌ನ ಒಳಗಿನ ಜಗಳ ಅಲ್ಲಿಗೇ ಮುಗಿಯಿತು. ಕೊನೆಗೆ ಪಾರ್ಟಿಷನ್ ಒಳಗೆ ಕೀ ಪ್ರಕಾರ ಸಾರ್ಟ್. ಇದು ಅದೇ ಟೇಬಲ್‌ಗೆ ಬರೆಯುವ ಇನ್ನೊಂದು ಪ್ರೋಗ್ರಾಂ, ದರದ ಸರ್ವಿಸ್‌ಗೋಸ್ಕರ. ಅದೂ ಅದೇ ಕ್ರಮದಲ್ಲಿ ಲಾಕ್ ಹಿಡಿಯಬೇಕು. ಕೀ ಸ್ಟ್ರಿಂಗ್ ಆಗಿದ್ದರೆ ಎಚ್ಚರ: ಸ್ಪಾರ್ಕ್ ಬೈಟ್ ಲೆಕ್ಕದಲ್ಲಿ ಸಾರ್ಟ್ ಮಾಡುತ್ತದೆ, ಪೋಸ್ಟ್‌ಗ್ರೆಸ್ ಭಾಷೆಯ ಕೊಲೇಷನ್‌ನಲ್ಲಿ (ಅಕ್ಷರಗಳ ಕ್ರಮದ ನಿಯಮ). ಆ ಕಡೆ ಕೊಲೇಷನ್ 'ಸಿ' (ಬೈಟ್ ಕ್ರಮ) ಹಾಕುವ ತನಕ ವಾರಕ್ಕೆ ಒಂದೆರಡು ಡೆಡ್‌ಲಾಕ್ ಬರುತ್ತಲೇ ಇತ್ತು. ಸಾರ್ಟ್ ಆದ ಮೇಲೆ ಕೋಲೆಸ್ (ಪಾರ್ಟಿಷನ್‌ಗಳನ್ನು ಒಗ್ಗೂಡಿಸುವುದು) ಹಾಕಿದರೂ ಕ್ರಮ ಕೆಡುತ್ತದೆ.

ಇಷ್ಟಾದ ಮೇಲೂ ಜಾಬ್ ನಿಂತುಬಿಡುತ್ತಿತ್ತು. ಪೋಸ್ಟ್‌ಗ್ರೆಸ್ ಲಾಗ್‌ನಲ್ಲಿ ಡೆಡ್‌ಲಾಕ್ ಸುಳಿವೇ ಇಲ್ಲ, ಸೆಷನ್‌ಗಳೆಲ್ಲ 'ಐಡಲ್ ಇನ್ ಟ್ರಾನ್ಸಾಕ್ಷನ್' (ಟ್ರಾನ್ಸಾಕ್ಷನ್ ತೆರೆದು ಸುಮ್ಮನೆ ಕೂತಿರುವುದು). ಪ್ರತಿ ಎಕ್ಸಿಕ್ಯೂಟರ್‌ಗೆ (ಟಾಸ್ಕ್‌ಗಳನ್ನು ಓಡಿಸುವ ಪ್ರೊಸೆಸ್) 4 ಕೋರ್, ಹಿಕಾರಿ ಪೂಲ್‌ನಲ್ಲಿ (ತೆರೆದಿಟ್ಟ ಡೇಟಾಬೇಸ್ ಕನೆಕ್ಷನ್‌ಗಳನ್ನು ಹಂಚುವ ಲೈಬ್ರರಿ) 4 ಕನೆಕ್ಷನ್. ಪ್ರತಿ ಟಾಸ್ಕ್ ಬರೆಯಲು ಒಂದು ಹಿಡಿದು, ಕಮಿಟ್‌ಗೆ (ಬರೆದದ್ದನ್ನು ಖಾಯಂ ಮಾಡುವುದಕ್ಕೆ) ಮುಂಚೆ ಆಡಿಟ್ ದಾಖಲೆಗೆ ಇನ್ನೊಂದು ಕೇಳುತ್ತಿತ್ತು. ನಾಲ್ಕೂ ಒಂದೊಂದು ಹಿಡಿದು ಕೂತರೆ ಐದನೆಯದು ಎಲ್ಲಿಂದ ಬರಬೇಕು? 30 ಸೆಕೆಂಡ್ ಆದ ಮೇಲೆ ಟೈಮ್‌ಔಟ್. ಕನಿಷ್ಠ ಪೂಲ್ ಲೆಕ್ಕ ಟಾಸ್ಕ್×(ಒಂದು ಟಾಸ್ಕ್‌ಗೆ ಬೇಕಾದ ಕನೆಕ್ಷನ್−1)+1; ಇಲ್ಲಿ 4×(2−1)+1, ಅಂದರೆ 5. ನಾನು ಆಡಿಟನ್ನೂ ಅದೇ ಕನೆಕ್ಷನ್‌ಗೆ ತಂದೆ, ಪೂಲ್ 4ರಲ್ಲೇ ಉಳಿಯಿತು. ಆರು ಎಕ್ಸಿಕ್ಯೂಟರ್, 24 ಕನೆಕ್ಷನ್. ಪೋಸ್ಟ್‌ಗ್ರೆಸ್‌ನ ಡೀಫಾಲ್ಟ್ ಮಿತಿ 100ರ ಒಳಗೆ ಆರಾಮ.

ನಡುವೆ ಸ್ಟೇಜಿಂಗ್ (ತಾತ್ಕಾಲಿಕ) ಟೇಬಲ್‌ಗೆ ಕಾಪಿ ಮಾಡಿ ಒಂದೇ ಸ್ಟೇಟ್‌ಮೆಂಟ್‌ನಲ್ಲಿ ಮರ್ಜ್ ಮಾಡಿಯೂ ನೋಡಿದೆ. ವೇಗ ಚೆನ್ನಾಗಿತ್ತು, ಆದರೆ ಮರ್ಜ್ ಮುಗಿಯುವ ತನಕ ದರದ ಸರ್ವಿಸ್ ಕಾಯಬೇಕು. ರಾತ್ರಿಗೆ ಸರಿ, ಹಗಲಿಗೆ ಬೇಡ.

ತಿಂಗಳಿಗೆ ಲಕ್ಷದ ಹತ್ತಿರ ಇದ್ದ ಬಿಲ್ ಈಗ ಅರವತ್ತು ಸಾವಿರದ ಆಸುಪಾಸು. ಪಾರ್ಟಿಷನ್ 36ಕ್ಕೆ ಏರಿಸಿದಾಗ ಡಿಸ್ಕ್ ಸುಸ್ತಾಯಿತು, ವಾಪಸ್ 24ಕ್ಕೇ ಬಂದೆ. ಅದೇ ಡಿಸ್ಕ್‌ನಲ್ಲಿ 36 ಓಡಿಸಲು ಕೀ ಹಂಚುವ ಉಪಾಯವೊಂದು ಕೈಯಲ್ಲಿದೆ, ಅದನ್ನು ಸದ್ಯಕ್ಕೆ ಬಿಚ್ಚುವುದಿಲ್ಲ.