ತುರ್ತು ವಿಭಾಗದಲ್ಲಿ ರೋಗಿಗೆ ಹಣೆಪಟ್ಟಿ ಕಟ್ಟದಿರುವುದು ಹೇಗೆ?

‘ಕುಡುಕ’, ‘ನಾಟಕ’, ‘ಮತ್ತೆ ಅವರೇ ಬಂದರು’ ಎಂದು ಟ್ರಯಾಜ್ (ಯಾರನ್ನು ಮೊದಲು ನೋಡಬೇಕೆಂದು ತೀರ್ಮಾನಿಸುವ) ಮೇಜಿನಲ್ಲಿ ಆಡಿದ ಮಾತು ಪಾಳಿ ಬದಲಾದರೂ ರೋಗಿಯನ್ನು ಬಿಡುವುದಿಲ್ಲ. ಮುಂದೆ ಬರುವವರು ಪರೀಕ್ಷೆಯನ್ನೇ ಮೊಟಕುಗೊಳಿಸುತ್ತಾರೆ.

ಮದ್ಯದ ವಾಸನೆಯಿದ್ದು ತೊದಲುತ್ತಿರುವವರಿಗೆ ಮೊದಲು ಬೆರಳತುದಿಯ ರಕ್ತದಲ್ಲಿ ಗ್ಲೂಕೋಸ್ ನೋಡಿ. ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಆಗಲೇ ಚಿಕಿತ್ಸೆ ಕೊಡಿ. ಬಳಿಕ ಕೂದಲು ಸರಿಸಿ ತಲೆಗೆ ಪೆಟ್ಟಾಗಿದೆಯೇ ಹುಡುಕಿ, ಕಣ್ಣಪಾಪೆ ನೋಡಿ, ಎಚ್ಚರದ ಮಟ್ಟ ಅಳೆಯುವ ಗ್ಲಾಸ್ಗೋ ಅಂಕ 15ಕ್ಕೆ ಎಷ್ಟೆಂದು ಬರೆಯಿರಿ. ಮೊದಲ ಗಂಟೆಗಳಲ್ಲಿ ಅರ್ಧ ಗಂಟೆಗೊಮ್ಮೆ ಮತ್ತೆ ಅಳೆಯಿರಿ. ಅಮಲು ಇಳಿಯಬೇಕಾದ ಹೊತ್ತಿಗೆ ಅಂಕವೇ ಇಳಿದರೆ ಹಿರಿಯ ವೈದ್ಯರನ್ನು ಕರೆಯಿರಿ. ‘ಮಲಗಿ ಏಳಲಿ’ ಎಂದು ಮೂಲೆಗೆ ತಳ್ಳಿದಾಗಲೇ ಮಿದುಳಿನ ರಕ್ತಸ್ರಾವ ಕಣ್ತಪ್ಪುವುದು.

ಎದೆನೋವು ಎಂದವರು ಎಷ್ಟೇ ಗಾಬರಿಯಲ್ಲಿದ್ದರೂ 10 ನಿಮಿಷದೊಳಗೆ ಇಸಿಜಿ.

ನೋವನ್ನು 0ಯಿಂದ 10ರವರೆಗೆ ಕೇಳಿ, ಅವರು ಹೇಳಿದ ಅಂಕೆಯನ್ನೇ ಬರೆಯಿರಿ, ನಿಮ್ಮ ಅಂದಾಜನ್ನಲ್ಲ. ಔಷಧ ಕೊಟ್ಟ ಮೇಲೆ ಪುನಃ ಕೇಳುವುದನ್ನೇ ಹೆಚ್ಚಿನವರು ಮರೆಯುತ್ತಾರೆ.

ತಾವೇ ಗಾಯ ಮಾಡಿಕೊಂಡವರಿಗೂ ಹೊಲಿಗೆಗೆ ಮುನ್ನ ಮರಗಟ್ಟಿಸುವ ಚುಚ್ಚುಮದ್ದು ಬೇಕೇ ಬೇಕು. ಅದನ್ನು ತಪ್ಪಿಸುವುದು ಚಿಕಿತ್ಸೆಯಲ್ಲ, ಶಿಕ್ಷೆ.

ಪಾಳಿ ಒಪ್ಪಿಸುವಾಗ ವಿಶೇಷಣ ಬೇಡ: ‘ಕಿರಿಕಿರಿ ರೋಗಿ’ ಎನ್ನುವ ಬದಲು ‘ಎರಡು ಸಲ ನೋವಿನ ಔಷಧ ಕೇಳಿದ್ದಾರೆ, ಇನ್ನೂ ಕೊಟ್ಟಿಲ್ಲ’ ಎನ್ನಿ.