ಚೀನಾಕ್ಕ ಹೊಂಟವ್ರು ಮೊದ್ಲು ಮನ್ಯಾಗಿನ ಫೋನ್ ಸೆಟ್ ಮಾಡ್ರಿ

ನೌಕರಿಗೋ ಎಂಬಿಬಿಎಸ್‌ಗೋ ಹುಬ್ಬಳ್ಳಿ ಧಾರವಾಡ ಕಡಿಂದ ಚೀನಾಕ್ಕ ಹೋಗವ್ರು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಎಲ್ಲಾ ನೆನಪಿಟ್ಟು ಕಟ್ಕೊಂತಾರ, ಫೋನ್ ಮಾತ್ರ ಹಂಗ ಒಯ್ತಾರ. ನಾನೂ ಹಂಗ ಹೋಗಿದ್ದೆ. ಇಳದ ಮ್ಯಾಲೆ ವಾಟ್ಸಾಪ್ ಇಲ್ಲ, ಜಿಮೇಲ್ ಇಲ್ಲ, ಮುಟ್ಟೀನಂತ ಅವ್ವಗ ಹೇಳಾಕ ಎರಡು ದಿನ ಹಿಡೀತು, ಅಲ್ಲೀತನಾ ಅಕಿ ಸರಿಯಾಗಿ ಊಟಾ ಮಾಡಿರ್ಲಿಲ್ಲ.

ತೊಡಕು ಎರಡೂ ಕಡೆ ಐತಿ. ಫೇಸ್‌ಬುಕ್, ಯೂಟ್ಯೂಬ್ ಅಲ್ಲಿ 2009ರಿಂದ ಬಂದ್, ವಾಟ್ಸಾಪ್ 2017ರಾಗ ಬಂದ್ ಆತು. ಅಲ್ಲಿ ಎಲ್ಲಾರೂ ಬಳಸೂದು ವೀಚಾಟ್, ಅದನ್ನ 2020ರ ಜೂನ್‌ದಾಗ ನಮ್ಮ ಸರ್ಕಾರ ಬ್ಯಾನ್ ಮಾಡೇತಿ. ಹಿಂಗಾಗಿ ನಿಮ್ಮ ಕಡೆ ಇರೂದು ಮನ್ಯಾಗಿಲ್ಲ, ಮನ್ಯಾಗ ಇರೂದು ನಿಮ್ಮ ಕಡೆ ನಡ್ಯಂಗಿಲ್ಲ.

ಅದಕ್ಕ ಊರಾಗ ಇದ್ದಾಗನ ಸಿಮ್‌ಗೆ ಇಂಟರ್‌ನ್ಯಾಷನಲ್ ರೋಮಿಂಗ್ ಚಾಲೂ ಮಾಡಿಸ್ರಿ. ರೋಮಿಂಗ್ ಡೇಟಾ ನಮ್ಮ ಸಿಮ್ ಕಂಪನಿ ನೆಟ್‌ವರ್ಕ್ ಮೂಲಕ ಹಾದು ಬರ್ತೈತಿ, ಅದಕ್ಕ ಅದರಾಗ ವಾಟ್ಸಾಪ್, ಗೂಗಲ್ ನಡೀತಾವು, ದುಬಾರಿ ಖರೆ, ಆದ್ರ ಮೊದಲ್ನೇ ವಾರಕ್ಕ ಬೇಕ ಬೇಕು, ಬ್ಯಾಂಕಿನ ಓಟಿಪಿನೂ ಅದಕ್ಕ ಬರ್ತೈತಿ. ಜಿಮೇಲ್ ಬ್ಯಾಕಪ್ ಕೋಡ್ (ಓಟಿಪಿ ಬರದಿದ್ರ ಲಾಗಿನ್ ಆಗಾಕ ಬಳಸೂ ನಂಬರ್) ಒಂದು ಹಾಳ್ಯಾಗ ಬರ್ಕೊರಿ. ಔಟ್‌ಲುಕ್ ಇಮೇಲ್ ಐಡಿ ಒಂದು ಮಾಡಿಟ್ಕೊರಿ, ಅದು ಅಲ್ಲಿ ತೆರೀತೈತಿ.

ವಿಪಿಎನ್ (ಬಂದ್ ಆದ ಸೈಟ್‌ನ ಬ್ಯಾರೆ ದೇಶದ ಸರ್ವರ್ ಮೂಲಕ ತೆರಿಯೂ ಆ್ಯಪ್) ಬಗ್ಗೆ ಎಲ್ಲಾರೂ ಕೇಳ್ತಾರ. ಸರ್ಕಾರದ ಪರ್ಮಿಷನ್ ಇಲ್ಲದ್ದು ಬಳಸೂದು ಅಲ್ಲಿ ಕಾನೂನಿಗೆ ವಿರುದ್ಧ, ದಂಡ ಬಿದ್ದವ್ರೂ ಅದಾರ, 2017ರಾಗ ಆ್ಯಪಲ್ ತನ್ನ ಚೀನಾ ಆ್ಯಪ್ ಸ್ಟೋರ್‌ದಿಂದ ಅವನ್ನ ತಗದೂ ಹಾಕೇತಿ. ನನ್ನ ಕೇಳಿದ್ರ, ನಿಮ್ಮ ಕಂಪನಿನ ಏನಾರ ಕೊಡ್ತೈತೇನು ಕೇಳ್ರಿ, ಗುರ್ತಿಲ್ಲದವ್ರು ಕೊಟ್ಟ ಪುಕ್ಕಟೆ ಆ್ಯಪ್ ಹಾಕ್ಕೋಬ್ಯಾಡ್ರಿ, ನಿಮ್ಮ ಪಾಸ್‌ವರ್ಡ್ ಎಲ್ಲಾ ಅದರಾಗ ಹಾದು ಹೋಗ್ತಾವು.

ಅಲ್ಲಿ ಮುಟ್ಟಿ ಪಾಸ್‌ಪೋರ್ಟ್ ತೋರ್ಸಿ ಲೋಕಲ್ ಸಿಮ್ ತಗೊಂಡು ವೀಚಾಟ್ ತೆರೀರಿ, ಹೊಸಾ ಖಾತೆ ಚಾಲೂ ಆಗಾಕ ಮೊದ್ಲೇ ವೀಚಾಟ್ ಖಾತೆ ಇದ್ದ ಬ್ಯಾರೆ ಒಬ್ರು ನಿಮ್ಮ ಫೋನ್‌ದಾಗಿನ ಕ್ಯೂಆರ್ ಸ್ಕ್ಯಾನ್ ಮಾಡ್ಬೇಕಾಗ್ತೈತಿ, ಸೀನಿಯರ್ ಒಬ್ಬರಿಗೆ ಹೇಳಿಟ್ಟಿರ್ರಿ. ವೀಚಾಟ್‌ದಾಗ ಬರದದ್ದು ಅಲ್ಲಿನ ಸರ್ಕಾರದ ಕಣ್ಣಿಗೆ ಬೀಳ್ತೈತಿ, ರಾಜಕೀಯ ಮಾತು ಗ್ರೂಪ್‌ದಾಗ ಬ್ಯಾಡ.

ಮನಿಯವ್ರ ಜೋಡಿ ಮಾತಾಡಾಕ ನಾ ಮೈಕ್ರೋಸಾಫ್ಟ್‌ನ ವಿಡಿಯೋ ಕಾಲ್ ಆ್ಯಪ್ ಟೀಮ್ಸ್ ಬಳಸ್ತಿದ್ದೆ, ಒಮ್ಮೊಮ್ಮೆ ಕಡೀತಿತ್ತು, ಆದ್ರೂ ಮಾರಿ ಕಾಣ್ತಿತ್ತು. ಹೋಗೂ ಮುಂಚೆ ನೀವು ಒಂದು ಖೋಲಿ, ಅವ್ವ ಒಂದು ಖೋಲಿ ಕೂತು ಹತ್ತು ಸಲ ಫೋನ್ ಹಚ್ಚಿ ನೋಡ್ರಿ, ಹಸರ ಬಟನ್ ಒತ್ತೂದು ಅಕಿಗೆ ರೂಢಿ ಆಗ್ಲಿ. ಟೈಮೂ ಹೇಳಿಡ್ರಿ: ಇಲ್ಲಿ ರಾತ್ರಿ 8 ಅಂದ್ರ ಅಲ್ಲಿ ಹತ್ತೂವರಿ.