ಚೀಟಿಯ ಹಿಂದಿನ ಒಂದು ಅಂಕಿ

2024ರ ಆಯುಧಪೂಜೆಗೆ ಹತ್ತು ದಿನ ಇರುವಾಗ ತಂಗಿಯ ಮಗ ಒಂದು ವಿಸಿಟಿಂಗ್ ಕಾರ್ಡ್ ಹಿಡಿದು ಮನೆಗೆ ಬಂದ. ತುಮಕೂರಿನ ಶೋರೂಮೊಂದರ ಕಾರ್ಡು. ಅದರ ಹಿಂದೆ ಪೆನ್ನಿನಲ್ಲಿ ಬರೆದದ್ದು ಒಂದೇ ಅಂಕಿ: 1,24,200. 125 ಸಿಸಿ ಬೈಕಿನ ಆನ್ ರೋಡ್ ಬೆಲೆ, ಅಂದರೆ ತೆರಿಗೆ, ವಿಮೆ ಎಲ್ಲ ಸೇರಿ.

"ಮಾವ, ಎರಡು ಸಾವಿರ ಬಿಡುತ್ತಾರಂತೆ. ನಾಳೆಯೇ ಬುಕ್ ಮಾಡೋಣವೇ?"

ಯಾವುದರಲ್ಲಿ ಬಿಡುತ್ತಾರೆ ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ.

ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವವನು ನಾನು. ಬಾಬತ್ತು ಬಿಡಿಸದ ಮೊತ್ತ ಕಂಡರೆ ಊಟ ರುಚಿಸುವುದಿಲ್ಲ. ಮರುದಿನ ಇಬ್ಬರೂ ಹೋಗಿ, ಬಾಬತ್ತುವಾರು ಕೊಟೇಶನ್ ಕೇಳಿದೆವು. ಕೌಂಟರಿನ ಹುಡುಗ ಹಿಂದೆಮುಂದೆ ನೋಡಿ ಕೊನೆಗೆ ಮುದ್ರಿಸಿ ಕೊಟ್ಟ.

ಎಕ್ಸ್ ಶೋರೂಂ ಬೆಲೆ, ಅಂದರೆ ನೋಂದಣಿ, ವಿಮೆ ಸೇರುವ ಮೊದಲಿನ ಬೆಲೆ, 92,000. ಕಂಪನಿಯ ಜಾಲತಾಣದಲ್ಲೂ ಅಷ್ಟೇ ಇತ್ತು, ಅಲ್ಲಿ ಚೌಕಾಸಿಗೆ ಜಾಗವಿಲ್ಲ. ಕೆಳಗಿನ ಸಾಲಿನಲ್ಲಿ 'ತೆರಿಗೆ ಮತ್ತು ನೋಂದಣಿ 15,500' ಎಂದಿತ್ತು. "ಅದು ಆರ್‌ಟಿಒ ಲೆಕ್ಕ ಸಾರ್, ನಮ್ಮ ಕೈಯಲ್ಲಿಲ್ಲ" ಎಂದ ಹುಡುಗ. ಯಾರ ಕೈಯಲ್ಲೂ ಇಲ್ಲದ ಕಾರಣಕ್ಕೇ ಅದನ್ನು ನಾವೇ ಲೆಕ್ಕ ಹಾಕಬಹುದು. ಕರ್ನಾಟಕದಲ್ಲಿ 50,000ದಿಂದ ಒಂದು ಲಕ್ಷದವರೆಗಿನ ದ್ವಿಚಕ್ರ ವಾಹನಕ್ಕೆ ಜೀವಾವಧಿ ತೆರಿಗೆ ಶೇ 12, ಅಂದರೆ 11,040. ಆ ತೆರಿಗೆಯ ಮೇಲೆ ಶೇ 11 ಉಪಕರ, 1,214. ನೋಂದಣಿ 300, ಸ್ಮಾರ್ಟ್ ಕಾರ್ಡ್ 200. ಕೊಟೇಶನ್ನಿನ ಬೆನ್ನಿಗೇ ಕೂಡಿಸಿ ತೋರಿಸಿದೆ: 12,754. ಉಳಿದದ್ದು ನಂಬರ್ ಪ್ಲೇಟಿಗೆ ಎಂದ. 2019ರ ಏಪ್ರಿಲ್‌ನಿಂದ ಅತಿ ಸುರಕ್ಷಿತ ನೋಂದಣಿ ಫಲಕವನ್ನು ಹೊಸ ಗಾಡಿಯ ಜೊತೆಗೇ ಕೊಡಬೇಕಲ್ಲ ಎಂದಾಗ ಅದು 'ಓಡಾಟದ ಖರ್ಚು' ಆಯಿತು. ಐನೂರಕ್ಕೆ ಒಪ್ಪಿದೆ. ಆರ್‌ಟಿಒ ಕಚೇರಿಯ ಸಾಲಿನಲ್ಲಿ ನಾನೇ ನಿಲ್ಲುವುದಕ್ಕಿಂತ ಅದು ಅಗ್ಗ.

ಈ ನಡುವೆ ಅಳಿಯನ ಕಣ್ಣು ಪಕ್ಕದ ಬ್ಲೂಟೂತ್ ಮಾದರಿಯ ಮೇಲಿತ್ತು. ಅದರ ಬೆಲೆ 1,02,000. "ಹತ್ತು ಸಾವಿರವಷ್ಟೇ ಹೆಚ್ಚು" ಎಂದ. ಲಕ್ಷ ದಾಟಿದೊಡನೆ ಇಡೀ ಬೆಲೆಗೆ ಶೇ 18 ತೆರಿಗೆ; ಉಪಕರ ಸೇರಿ 20,380. ಹತ್ತು ಸಾವಿರದ ಆಸೆಗೆ ಹದಿನೆಂಟು ಸಾವಿರ ತೆರಬೇಕು. ಇದರಲ್ಲಿ ಶೋರೂಮಿನವರ ತಪ್ಪೇನೂ ಇಲ್ಲ. ಅಳಿಯ ಸುಮ್ಮನಾದ.

ವಿಮೆಗೆ 8,900 ಹಾಕಿದ್ದರು. 75 ಸಿಸಿ ದಾಟಿದ, 150 ಸಿಸಿವರೆಗಿನ ಹೊಸ ಬೈಕಿಗೆ ಕಡ್ಡಾಯವಾದ ಐದು ವರ್ಷದ ಥರ್ಡ್ ಪಾರ್ಟಿ (ಬೇರೆಯವರಿಗಾಗುವ ಹಾನಿಯ) ಕಂತು 3,851 ಎಂದು ಸರ್ಕಾರವೇ ಗೊತ್ತುಮಾಡಿತ್ತು, ಅದರ ಮೇಲೆ ಜಿಎಸ್‌ಟಿ. ಬೆಲೆ ಏರಿಳಿಯುವುದು ಗಾಡಿಯ ಸ್ವಂತ ಹಾನಿಯ ಭಾಗದಲ್ಲಿ. ಅಲ್ಲೇ ಕುಳಿತು ಮೊಬೈಲಿನಲ್ಲಿ ಅಷ್ಟೇ ಸೌಲಭ್ಯಕ್ಕೆ ಬೇರೆ ಕಂಪನಿಯ ದರ ನೋಡಿದೆ: 6,700. ಹೊರಗಿನಿಂದಲೇ ಮಾಡಿಸುತ್ತೇನೆ ಎಂದ ಕೂಡಲೇ ಮ್ಯಾನೇಜರ್ ಎದ್ದು ಬಂದರು. 7,000ಕ್ಕೆ ಇಳಿಯಿತು.

ಮಿಕ್ಕವು ಚಿಲ್ಲರೆ ಜಗಳ. 'ಹ್ಯಾಂಡ್ಲಿಂಗ್' 1,500 ಯಾವುದಕ್ಕೆಂದು ಅವರಿಗೇ ಹೇಳಲಾಗಲಿಲ್ಲ, ಹೊಡೆದು ಹಾಕಿದರು. ಹೆಲ್ಮೆಟ್‌ಗೆ 1,200. ಗಾಡಿಯ ಜೊತೆ ತಯಾರಕರು ಹೆಲ್ಮೆಟ್ ಪೂರೈಸಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ 138ರಲ್ಲಿದೆ, 'ಉಚಿತ' ಎಂಬ ಮಾತು ಮಾತ್ರ ಅಲ್ಲಿಲ್ಲ. ಆದರೂ ಗಟ್ಟಿಯಾಗಿ ಕೇಳಿದೆ, ದುಡ್ಡಿಲ್ಲದೆ ಕೊಟ್ಟರು. 4,200ರ ಅಲಂಕಾರದಲ್ಲಿ 1,100ರ ಲೆಗ್ ಗಾರ್ಡ್ ಒಂದನ್ನು ಉಳಿಸಿಕೊಂಡೆವು. ಹೆಚ್ಚುವರಿ ವಾರಂಟಿಯ 900 ನ್ಯಾಯವೆನಿಸಿತು.

ಕೊನೆಗೆ ಕೊಟ್ಟದ್ದು 1,14,254. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿರುವುದರಿಂದ ನನ್ನ ಈ ಅಂಕಿಗಳನ್ನು ಹಿಡಿದು ಯಾರೂ ಶೋರೂಮಿಗೆ ಹೋಗಬೇಡಿ. ತೆರಿಗೆಯ ದರಗಳನ್ನೂ ಹೋಗುವ ದಿನ ನೋಡಿಕೊಳ್ಳಿ.

ಹಣ ಕಟ್ಟುವ ಮೊದಲು ಫಾರಂ 22, ಅಂದರೆ ಗಾಡಿಯ ಬಗ್ಗೆ ತಯಾರಕರು ಕೊಡುವ ಪ್ರಮಾಣಪತ್ರ, ಕೇಳಿದೆ. ತಯಾರಿಕೆಯ ತಿಂಗಳು ಅದರಲ್ಲಿರುತ್ತದೆ. ನಮಗೆಂದು ತೊಳೆದು ನಿಲ್ಲಿಸಿದ್ದ ಗಾಡಿ ಫೆಬ್ರುವರಿಯದು. ಆಗಸ್ಟಿನದು ಬರಲು ನಾಲ್ಕು ದಿನ ಬೇಕೆಂದರು. ಪೂಜೆಗೆ ಇನ್ನೂ ಒಂಬತ್ತು ದಿನವಿತ್ತು, ಕಾದೆವು.